ನಾಲ್ಕು ವರ್ಷದ ಟಫನ್ಡ್ ಗಾಜಿನ ಮೇಜು: ಬಲಮೂಲೆಯ ಟಕ್ ಟಕ್

ಬೆಳಿಗ್ಗೆ ಆರಕ್ಕೆ ಕಾಫಿ ಲೋಟವನ್ನು ಮೇಜಿನ ಬಲಮೂಲೆಗೆ ಇಟ್ಟರೆ ಟಕ್ ಅನ್ನುತ್ತದೆ. ಎತ್ತಿದರೆ ಇನ್ನೊಂದು ಟಕ್. ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ನಾಲ್ಕು ವರ್ಷದಿಂದ ಇದೇ ಸುಪ್ರಭಾತ.

ಅಜ್ಜನ ಕಾಲದ ಬೀಟೆ ಮೇಜು. ನಡುವಿನ ಹಲಗೆ ಸೀಳು ಬಿಟ್ಟಿತ್ತು. ಚೌಕಟ್ಟು ಉಳಿಸಿಕೊಂಡು, ಒಳಗೆ ಕೂರುವ ಹಾಗೆ 8 ಎಂ.ಎಂ. ಟಫನ್ಡ್ ಗಾಜು, ಅಂದರೆ ಕಾಯಿಸಿ ಥಟ್ಟನೆ ತಣಿಸಿ ಗಟ್ಟಿ ಮಾಡಿದ ಗಾಜು, ಮಾಡಿಸಿದೆ. ಮಾಮೂಲಿ ಗಾಜಿಗಿಂತ ದುಡ್ಡು ಜಾಸ್ತಿ. ಆದರೆ ಮನೆಯಲ್ಲಿ ಮೊಮ್ಮಗಳಿದ್ದಾಳೆ. ಒಡೆದರೂ ಚೂರಿಯಂಥ ತುಂಡಾಗದೆ ಸಣ್ಣ ಹರಳಾಗಿ ಉದುರಲಿ ಅಂತ ಕೊಟ್ಟೆ.

ಬಂದ ಗಾಜು ಚೌಕಟ್ಟಿಗೆ ಬಿಗಿ. ಒಂದು ಮೂಲೆ ಕೆಳಗೆ ಕೂರಲೇ ಇಲ್ಲ. "ಒಂದು ಎಂ.ಎಂ. ಕತ್ತರಿಸಿಕೊಡಿ" ಅಂದೆ. ಅಂಗಡಿಯವರು ನಕ್ಕರು. ಟಫನ್ ಆದ ಮೇಲೆ ಕತ್ತರಿಸೋಕೆ ಹೋದರೆ ಇಡೀ ಗಾಜೇ ಪುಡಿ. ಅಳತೆ, ತೂತು, ಅಂಚು ಎಲ್ಲ ಕುಲುಮೆಗೆ ಹಾಕುವ ಮೊದಲೇ ಮುಗಿಯಬೇಕಂತೆ. ಇದನ್ನು ಆರ್ಡರ್ ತೆಗೆದುಕೊಳ್ಳುವಾಗಲೇ ಹೇಳಬೇಕಿತ್ತು, ಅಲ್ವಾ?

ಸಿಟ್ಟಿನಲ್ಲೇ ಓದಿ ತಿಳಿದುಕೊಂಡೆ. ಗಾಜನ್ನು 600 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸಿ, ಎರಡೂ ಕಡೆಯಿಂದ ಜೋರಾಗಿ ಗಾಳಿ ಬಿಡುತ್ತಾರೆ. ಮೇಲಿನ ಪದರ ಮೊದಲು ಗಟ್ಟಿಯಾಗುತ್ತದೆ. ಒಳಗಿನದು ತಡವಾಗಿ ತಣಿದು ಕುಗ್ಗುವಾಗ ಮೇಲಿನದನ್ನು ಬಿಗಿಯಾಗಿ ಅದುಮಿ ಹಿಡಿಯುತ್ತದೆ. ಗಾಜಿನ ಬಲವೆಲ್ಲ ಈ ಜಗ್ಗಾಟದ್ದೇ. ಗಡಿಬಿಡಿಯಲ್ಲಿ ತಣಿದ ಗಾಜಿಗೆ ಪೂರ್ತಿ ಕುಗ್ಗೋಕೆ ಪುರುಸೊತ್ತು ಸಿಗುವುದಿಲ್ಲ. ಹಾಗಾಗಿ ನಿಧಾನವಾಗಿ ತಣಿದ ಗಾಜಿಗಿಂತ ಕೂದಲೆಳೆಯಷ್ಟು ದೊಡ್ಡದಾಗೇ ಉಳಿಯುತ್ತದೆ. ಎರಡು ಕಡೆ ಒಂದೇ ಸಮ ತಣಿಯದಿದ್ದರೆ ಹಪ್ಪಳದ ಹಾಗೆ ಬಾಗುತ್ತದೆ ಕೂಡ. ಸಾಲದ್ದಕ್ಕೆ ನಾನು ಚೂರೂ ಸಂದು ಬಿಡದೆ ಅಳತೆ ಕೊಟ್ಟಿದ್ದೆ. ಕೊನೆಗೆ ಬಡಗಿ ಬಂದು ಅಜ್ಜನ ಬೀಟೆಯನ್ನೇ ಹೆರೆದ. ಆ ಸದ್ದು ಕೇಳುತ್ತಾ ನಿಲ್ಲೋಕಾಗದೆ ನಾನು ಹೊರಗೆ ಹೋದೆ. ಗಾಜೇನೋ ಒಳಗೆ ಕೂತಿತು, ಬಾಗಿದ ಬಲಮೂಲೆಯ ಟಕ್ ಮಾತ್ರ ಉಳಿಯಿತು.

ಮರಕ್ಕಿಂತ ಗೀರು ಕಡಿಮೆ, ಒರೆಸೋದು ಸುಲಭ. ಅದಿರಲಿ. ನನಗೆ ಇಷ್ಟವಾಗಿದ್ದು ಬೇರೆ. ಸಂಜೆ ಟ್ಯೂಬ್‌ಲೈಟ್ ಹಾಕಿದರೆ ಗಾಜಿನಲ್ಲಿ ಅದರ ಬಿಂಬ ನೇರ ಕಾಣುವುದಿಲ್ಲ, ಅಲೆಅಲೆ. ಕಾದು ಮೆತ್ತಗಾದ ಗಾಜು ರೋಲರ್‌ಗಳ ಮೇಲೆ ಓಡಾಡಿದ ಗುರುತು ಅದು. ಮೊಮ್ಮಗಳು ಅದಕ್ಕೆ "ಕೆರೆ" ಅನ್ನುತ್ತಾಳೆ. ಪೋಲರಾಯ್ಡ್ ಕನ್ನಡಕ ಹಾಕಿ ಓರೆಯಾಗಿ ನೋಡಿದರೆ ಚಿರತೆ ಮೈಯಂಥ ಚುಕ್ಕಿಗಳು. ಅವು ಗಾಳಿ ಬಿಟ್ಟ ತೂತುಗಳ ಗುರುತು. ಒಂದೂವರೆ ವರ್ಷ ನಾನು ಸುಮ್ನೆ ಬಟ್ಟೆಯಲ್ಲಿ ಉಜ್ಜಿದ್ದೇ ಬಂತು.

ಕಳೆದ ದಸರಾಕ್ಕೆ ಗೊಂಬೆ ಕೂರಿಸುವಾಗ, ಪಟ್ಟದ ಗೊಂಬೆ ಅಲುಗಾಡಬಾರದು ಅಂತ ಆ ಮೂಲೆಗೆ ರಬ್ಬರ್ ಚೂರು ಸಿಕ್ಕಿಸಿದೆ. ಟಕ್ ನಿಂತಿತು. ಮಾರನೇ ದಿನದಿಂದ ನನ್ನವಳು ಅಡುಗೆಮನೆಯಿಂದ "ಕಾಫಿ ಕುಡಿದ್ರಾ, ಇಲ್ವಾ?" ಅಂತ ಕೂಗಿ ಕೇಳೋಕೆ ಶುರು ಮಾಡಿದಳು. ಗೊಂಬೆ ಎತ್ತಿಟ್ಟ ದಿನವೇ ರಬ್ಬರ್ ಕಿತ್ತು ಹಾಕಿದೆ.