ಮಾದರಿ ಕಾರಿಗೆ ಯಾವ ಬಣ್ಣ: ಅಕ್ರಿಲಿಕ್, ಎನಾಮೆಲ್ ಅಥವಾ ಸ್ಪ್ರೇ?

ಕಲಬುರಗಿಯಲ್ಲಿ 1/24 ಅಳತೆಯ ಪ್ಲಾಸ್ಟಿಕ್ ಕಾರಿಗೆ ಬಣ್ಣ ಆರಿಸುವಾಗ ಬೆಲೆಗಿಂತ ಮೊದಲು ಒಣಗುವ ವೇಗವನ್ನು ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಉಷ್ಣಾಂಶ 40 ಡಿಗ್ರಿ ದಾಟುವ ಮೇ ತಿಂಗಳಲ್ಲಿ, ನೀರಿನಲ್ಲಿ ತೆಳುವಾಗಿಸುವ ಅಕ್ರಿಲಿಕ್ ಬಣ್ಣವು ಕುಂಚದ ತುದಿಯಲ್ಲೇ ಗಟ್ಟಿಯಾಗತೊಡಗಿ ಕಾರಿನ ಮೈಮೇಲೆ ಗೆರೆಗಳನ್ನು ಉಳಿಸುತ್ತದೆ. ಒಣಗುವಿಕೆಯನ್ನು ನಿಧಾನಿಸುವ ರಿಟಾರ್ಡರ್‌ನ ಒಂದೆರಡು ಹನಿ ಬೆರೆಸಿ, ಬೆಳಗಿನ ತಂಪಿನಲ್ಲಿ ಹಚ್ಚಿದರೆ ಈ ತೊಂದರೆ ಬಹಳಷ್ಟು ತಗ್ಗುತ್ತದೆ. ಎನಾಮೆಲ್ ನಿಧಾನವಾಗಿ ಒಣಗುವುದರಿಂದ ತಾನೇ ಸಮವಾಗಿ ಹರಡಿಕೊಳ್ಳುತ್ತದೆ, ಆದರೆ ಅಷ್ಟೂ ಹೊತ್ತು ನಮ್ಮೂರಿನ ಧೂಳನ್ನೂ ಹಿಡಿಯುತ್ತದೆ; ಮುಚ್ಚಿದ ಪೆಟ್ಟಿಗೆಯಲ್ಲಿ ಒಣಗಿಸಲೇಬೇಕು. ಸ್ಪ್ರೇ ದುಬಾರಿಯಾದರೂ, ಬಣ್ಣ ಹಿಡಿಯಲು ಮೊದಲು ಹಚ್ಚುವ ಪ್ರೈಮರ್ ಪದರದ ಮೇಲೆ ತೆಳುವಾದ ಪದರಗಳಲ್ಲಿ ಹೊಡೆದರೆ ಕಾರಿನ ಮೈಗೆ ಒಪ್ಪುವ ಹೊಳಪು ಸುಲಭವಾಗಿ ಬರುತ್ತದೆ. ಗಾಳಿಯಾಡುವ ಮಾಳಿಗೆಯಿದ್ದವರಿಗೆ ಅದೇ ಸೂಕ್ತ. ಚಿಕ್ಕ ಮಕ್ಕಳಿರುವ ಮನೆಗೆ ವಾಸನೆ ಕಡಿಮೆಯಿರುವ ಅಕ್ರಿಲಿಕ್ ಲೇಸು, ಕುಂಚವೊಂದನ್ನೇ ನಂಬಿದವರಿಗೆ ಎನಾಮೆಲ್.