ಕೆಂಟಕಿಯ ನೋಹನ ಹಡಗು: ಮರಗೆಲಸಕ್ಕೆ ಐದು ಸ್ಟಾರ್, ಮಿಕ್ಕಿದ್ದಕ್ಕೆ?

ಅಮೆರಿಕದ ಸಿನ್ಸಿನಾಟಿ ಸುತ್ತಮುತ್ತ ಇರುವ ನಮ್ಮವರ ಮನೆಗೆ ಊರಿಂದ ಯಾರಾದರೂ ಬಂದರೆ, ಜಲಪ್ರಳಯದಲ್ಲಿ ಪ್ರಾಣಿಗಳನ್ನು ಉಳಿಸಲು ನೋಹ ಕಟ್ಟಿದ ಅಂತ ಬೈಬಲ್ ಹೇಳುವ ಹಡಗಿನ ಪ್ರತಿಕೃತಿ ಇರುವ ಆರ್ಕ್ ಎನ್‌ಕೌಂಟರ್‌ಗೆ ಕರೆದುಕೊಂಡು ಹೋಗೋದಾ ಬೇಡವಾ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಹೋಗಿ, ಆದರೆ ಅದು ಮ್ಯೂಸಿಯಂ ಅಂದುಕೊಂಡು ಹೋಗಬೇಡಿ.

ಜಾಗ ವಿಲಿಯಮ್ಸ್‌ಟೌನ್, ಐ-75 ಹೆದ್ದಾರಿಯ ಹತ್ತಿರ. 2016ರ ಜುಲೈನಲ್ಲಿ ಶುರುವಾಯಿತು. ಕಟ್ಟಿಸಿದ್ದು ಆಸ್ಟ್ರೇಲಿಯಾ ಮೂಲದ ಕೆನ್ ಹ್ಯಾಮ್ ಅವರ ಆನ್ಸರ್ಸ್ ಇನ್ ಜೆನೆಸಿಸ್ ಅನ್ನುವ ಕ್ರೈಸ್ತ ಸಂಸ್ಥೆ. ಪೀಟರ್ಸ್‌ಬರ್ಗ್‌ನಲ್ಲಿ 2007ರಲ್ಲಿ ತೆರೆದ ಕ್ರಿಯೇಷನ್ ಮ್ಯೂಸಿಯಂ ಕೂಡ ಇವರದ್ದೇ. ಭೂಮಿಗೆ ಸುಮಾರು 6000 ವರ್ಷ, ಡೈನೋಸಾರ್‌ಗಳು ಮನುಷ್ಯರ ಜೊತೆಗೇ ಬದುಕಿದ್ದವು, ಹಡಗಿನಲ್ಲೂ ಇದ್ದವು, ಈಗ ಕಾಣುವ ಪಳೆಯುಳಿಕೆಗಳಲ್ಲಿ ಹೆಚ್ಚಿನವು ಒಂದೇ ಜಲಪ್ರಳಯದಲ್ಲಿ ಹೂತುಹೋದವು. ಇದು ಅವರ ವಾದ.

ಪಾರ್ಕಿಂಗ್‌ನಿಂದ ಬಸ್ಸಿನಲ್ಲಿ ಕರೆದೊಯ್ಯುತ್ತಾರೆ. ತಿರುವು ದಾಟಿ ಹಡಗು ಕಂಡಾಗ ಬಸ್ಸಿನಲ್ಲಿದ್ದವರ ಮಾತೆಲ್ಲ ನಿಂತುಹೋಯಿತು. 510 ಅಡಿ ಉದ್ದ, 85 ಅಡಿ ಅಗಲ, 51 ಅಡಿ ಎತ್ತರ. ಒಳಗೆ ದೊಡ್ಡ ದೊಡ್ಡ ದಿಮ್ಮಿಗಳನ್ನೇ ಕಂಬವಾಗಿ ನಿಲ್ಲಿಸಿದ್ದಾರೆ. ಕಟ್ಟಿದವರಲ್ಲಿ ಆಧುನಿಕ ಯಂತ್ರಗಳಿಂದ ದೂರ ಇರುವ ಆಮಿಶ್ ಪಂಥದ ಬಡಗಿಗಳೂ ಇದ್ದರಂತೆ. ನಮ್ಮ ಮಾವ ಜೀವನವೆಲ್ಲ ಟಿಂಬರ್ ಡಿಪೋ ನಡೆಸಿದವರು, ಕಂಬ ಮತ್ತು ತೊಲೆ ಸೇರುವ ಕಡೆ ಬೆರಳಾಡಿಸುತ್ತಾ ನಿಂತವರು ಅಲ್ಲಿಂದ ಕದಲಲೇ ಇಲ್ಲ. "ಮೇಲೆ ಹೋಗೋಣ ಬನ್ನಿ ಮಾವ" ಅಂದರೆ, "ನೀವು ಹೋಗ್ರಪ್ಪ, ನಾನು ಇದನ್ನ ನೋಡ್ಕೊಂಡು ಬರ್ತೀನಿ" ಅಂದರು. ಆ ಕೆಲಸಕ್ಕೆ ಐದಕ್ಕೆ ಐದು, ಅದರಲ್ಲಿ ಎರಡು ಮಾತಿಲ್ಲ.

ಕೆಳಗಿನ ಅಂತಸ್ತಿನಲ್ಲಿ ಮಬ್ಬು ದೀಪ, ಸಾಲು ಸಾಲು ಪಂಜರ, ಸ್ಪೀಕರ್‌ನಲ್ಲಿ ಪ್ರಾಣಿಗಳ ಸದ್ದು. ಮೇಲೆ ಹೋದರೆ ಮರಿ ಡೈನೋಸಾರ್‌ಗಳ ಬೊಂಬೆ. ದೊಡ್ಡದನ್ನು ಯಾಕೆ ಹತ್ತಿಸಬೇಕು, ಮರಿ ಸಾಕಲ್ಲ ಅನ್ನುವುದು ಅವರ ಲೆಕ್ಕ. ಇಷ್ಟೊಂದು ಪ್ರಾಣಿ ಒಂದೇ ಹಡಗಿನಲ್ಲಿ ಹೇಗೆ ಹಿಡಿಸಿತು ಅಂತ ನೀವು ಕೇಳುವ ಮೊದಲೇ ಉತ್ತರ ರೆಡಿ ಇದೆ. ನೋಹ ಪ್ರತಿ ಪ್ರಭೇದವನ್ನೂ ಹತ್ತಿಸಲಿಲ್ಲ, ಪ್ರತಿ 'ಬಗೆ'ಯ ಜೋಡಿಗಳನ್ನು ಮಾತ್ರ ಹತ್ತಿಸಿದ. ಸುಮಾರು 1400 ಬಗೆ, ಒಟ್ಟು 7000ಕ್ಕಿಂತ ಕಡಿಮೆ ಪ್ರಾಣಿ. ಬೆಕ್ಕಿನ ಬಗೆ ಒಂದು ಜೋಡಿ ಬಂದರೆ ಸಾಕು, ಸಿಂಹ, ಹುಲಿ, ಚಿರತೆ, ನಿಮ್ಮ ಮನೆ ಬೆಕ್ಕು ಎಲ್ಲ ಆಮೇಲೆ ಅದರಿಂದಲೇ ಬಂದವು.

ಇಲ್ಲಿ ಒಂದು ನಿಮಿಷ ನಿಲ್ಲಿ. ಪ್ರಳಯ ಆಗಿದ್ದು ಸುಮಾರು 4350 ವರ್ಷದ ಹಿಂದೆ ಅನ್ನುತ್ತಾರೆ. 17ನೇ ಶತಮಾನದ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಬೈಬಲ್ ನೋಡಿ ಲೆಕ್ಕ ಹಾಕಿದ ಇಸವಿ ಕ್ರಿ.ಪೂ. 2348. ಅಂದರೆ ಒಂದು ಜೋಡಿಯಿಂದ ಇಷ್ಟೆಲ್ಲ ಜಾತಿ ಬರೋದಕ್ಕೆ ಸಿಕ್ಕಿದ್ದು ನಾಲ್ಕು ಸಾವಿರ ಚಿಲ್ಲರೆ ವರ್ಷ ಮಾತ್ರ. ವಿಕಾಸವಾದವನ್ನು ಬೇಡ ಅನ್ನುವವರಿಗೆ ಡಾರ್ವಿನ್ ಕೂಡ ಕನಸು ಕಾಣದಷ್ಟು ಸ್ಪೀಡಿನ ವಿಕಾಸ ಬೇಕು! ಇನ್ನೊಂದು ಕಡೆ ನಮ್ಮ ಹರಪ್ಪದ ನಗರಗಳು ಕ್ರಿ.ಪೂ. 2600ರಿಂದ 1900ರವರೆಗೆ ಆರಾಮಾಗಿ ನಡೆದುಕೊಂಡು ಬಂದವು. ಅವರ ಮುದ್ರೆಗಳ ಮೇಲೆ ಹುಲಿ ಇದೆ, ಆನೆ ಇದೆ, ಘೇಂಡಾಮೃಗ ಇದೆ, ಈಗ ಇರುವ ಹಾಗೇ ಇವೆ. ನಡುವೆ ಇಡೀ ಲೋಕ ಮುಳುಗಿದ್ದು ಅವರಿಗೆ ಗೊತ್ತೇ ಆಗಲಿಲ್ಲ, ಅಲ್ವಾ? ಪುರಾತತ್ವದವರ ಕಾಲಗಣನೆಯೇ ತಪ್ಪು ಅನ್ನುವುದು ಈ ಸಂಸ್ಥೆಯ ಉತ್ತರ.

"ಸಾಕ್ಷ್ಯ ಎಲ್ಲರಿಗೂ ಒಂದೇ, ನೋಡುವ ಕನ್ನಡಕ ಬೇರೆ" ಅನ್ನುವ ಧಾಟಿ ಎಲ್ಲ ಕಡೆ ಇದೆ. ಕೇಳೋಕೆ ಚೆನ್ನಾಗಿದೆ. ಆದರೆ 2014ರ ಫೆಬ್ರವರಿ 4ರಂದು ಟಿವಿಯಲ್ಲಿ ವಿಜ್ಞಾನ ಹೇಳಿಕೊಟ್ಟು ಹೆಸರಾದ ಬಿಲ್ ನೈ ಮತ್ತು ಹ್ಯಾಮ್ ಕ್ರಿಯೇಷನ್ ಮ್ಯೂಸಿಯಂನಲ್ಲೇ ವಾದಕ್ಕೆ ಕೂತಾಗ, ನಿಮ್ಮ ಮನಸ್ಸು ಯಾವುದರಿಂದ ಬದಲಾಗಬಹುದು ಅಂತ ಇಬ್ಬರನ್ನೂ ಕೇಳಿದರು. ಸಾಕ್ಷ್ಯ ತೋರಿಸಿ ಸಾಕು ಅಂದರು ನೈ. ದೇವರ ವಾಕ್ಯ ಸುಳ್ಳು ಅಂತ ನನ್ನನ್ನು ಯಾರೂ ಒಪ್ಪಿಸಲಾರರು ಅಂದರು ಹ್ಯಾಮ್. ನಂಬಿಕೆ ಅಂದಮೇಲೆ ಅದು ಸರಿಯೇ ಇರಬಹುದು, ಆದರೆ ಅದಕ್ಕೆ ಮ್ಯೂಸಿಯಂನ ಗಾಜಿನ ಪೆಟ್ಟಿಗೆ, ಲೇಬಲ್ಲು ಯಾಕೆ ಬೇಕು?

ಇದನ್ನು ಕ್ರೈಸ್ತರು ಮತ್ತು ವಿಜ್ಞಾನದ ಜಗಳ ಅಂದುಕೊಳ್ಳಬೇಡಿ. ಭೂಮಿ ಕೋಟ್ಯಂತರ ವರ್ಷ ಹಳೆಯದು ಅನ್ನುವುದಕ್ಕೆ ಕ್ಯಾಥೋಲಿಕ್ ಚರ್ಚಿನ ತಕರಾರಿಲ್ಲ. ಮಹಾಸ್ಫೋಟದ ವಾದಕ್ಕೆ ಬುನಾದಿ ಹಾಕಿದ ಲೆಮೈತ್ರ್ ಸ್ವತಃ ಪಾದ್ರಿ. ನಮ್ಮವರೂ ಜಾಸ್ತಿ ಬೀಗುವುದು ಬೇಡ. ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ, ಭೂಮಿಯ ವಯಸ್ಸು ವಿಜ್ಞಾನ ಹೇಳೋದು 454 ಕೋಟಿ, ನೋಡಿ ಹೇಗೆ ಹತ್ತಿರ ಬಂತು ಅಂತ ಅಲ್ಲೇ ಕಾಫಿ ಕುಡಿಯುತ್ತಾ ಒಬ್ಬರು ಶುರು ಮಾಡಿದರು. ಸ್ವಾಮಿ, 1956ರಲ್ಲಿ ಅಮೆರಿಕದ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಯ ಸೀಸ ಅಳೆದು 455 ಕೋಟಿ ಅಂದರು. ಅದು ಅಳತೆ. ಇನ್ನೊಂದು ಯುಗಗಳ ಗುಣಾಕಾರ.

2019ರಲ್ಲಿ ಮಳೆ ಹಾನಿಗೆ ಹಡಗಿನವರು ಇನ್ಶೂರೆನ್ಸ್ ಕಂಪನಿಗಳ ಮೇಲೆ ಕೇಸು ಹಾಕಿದ್ದು ಓದಿರುತ್ತೀರಿ. ಕುಸಿದಿದ್ದು ರಸ್ತೆ ಬದಿಯ ಮಣ್ಣು, ಹಡಗಿಗೆ ಏನೂ ಆಗಿರಲಿಲ್ಲ. ಆದರೂ ಜನ ನಗದೆ ಬಿಡುತ್ತಾರಾ!

ನಿಜವಾದ ತಮಾಷೆ ಇರುವುದು ಕಾಲ ಕೆಳಗೆ. ಈ ಸೀಮೆಯ ಸುಣ್ಣಕಲ್ಲಿಗೆ ಸುಮಾರು 45 ಕೋಟಿ ವರ್ಷ, ಹಿಡಿಯಷ್ಟು ತುಂಡಿನಲ್ಲೂ ಚಿಪ್ಪುಗಳು ಕಿಕ್ಕಿರಿದಿರುತ್ತವೆ. ಕೆಲವು ಪದರಗಳಲ್ಲಿ ಸಮುದ್ರದ ತಳವೇ ಗಟ್ಟಿ ಕಲ್ಲಾಗಿ, ಆಮೇಲೆ ಅದರಲ್ಲಿ ಜೀವಿಗಳು ತೂತು ಕೊರೆದು, ಮೇಲೆ ಇನ್ನೊಂದು ಜೀವಿ ಅಂಟಿಕೊಂಡು ಬೆಳೆದು, ಅದರ ಮೇಲೆ ಮತ್ತೆ ಕೆಸರು ಕೂತಿರುವುದು ಕಾಣುತ್ತದೆ. ಒಂದೇ ವರ್ಷದ ಪ್ರಳಯದಲ್ಲಿ ಇಷ್ಟೆಲ್ಲ ಮತ್ತೆ ಮತ್ತೆ ಆಗೋದು ಹೇಗೆ? ಒಳಗೆ ನಾನು ಓದಿದ ಯಾವ ಫಲಕದಲ್ಲೂ ಈ ಪ್ರಶ್ನೆ ಇರಲಿಲ್ಲ.

ಒಟ್ಟಿನಲ್ಲಿ ಮರಗೆಲಸಕ್ಕೆ ಐದು, ಮಕ್ಕಳಿಗೆ ಝೂ ಮತ್ತು ಜಿಪ್‌ಲೈನ್ ಇರೋದಕ್ಕೆ ಮೂರು, ವಿಜ್ಞಾನಕ್ಕೆ ಸೊನ್ನೆ. ಟಿಕೆಟ್ ಅಗ್ಗವಲ್ಲ, ಪಾರ್ಕಿಂಗ್ ದುಡ್ಡು ಬೇರೆ. ಹೋದ ದಿನವೇ ಬಿಗ್ ಬೋನ್ ಲಿಕ್ ಸ್ಟೇಟ್ ಪಾರ್ಕಿಗೂ ಹೋಗಿಬನ್ನಿ, ದೂರ ಏನಿಲ್ಲ. ಉಪ್ಪು ನೆಕ್ಕಲು ಬಂದ, ಈಗ ಅಳಿದುಹೋಗಿರುವ ಆನೆಯಂಥ ಮ್ಯಾಮತ್, ಮ್ಯಾಸ್ಟೊಡಾನ್‌ಗಳ ಮೂಳೆ ಸಿಕ್ಕಿದ್ದು ಅಲ್ಲೇ. 1807ರಲ್ಲಿ ಅಧ್ಯಕ್ಷ ಜೆಫರ್ಸನ್ ಅಗೆಸೋದಕ್ಕೆ ಅನ್ವೇಷಕ ವಿಲಿಯಂ ಕ್ಲಾರ್ಕ್‌ನನ್ನು ಕಳಿಸಿದ್ದೂ ಅಲ್ಲಿಗೇ. ದಾರಿಯಲ್ಲಿ ರಸ್ತೆಗಾಗಿ ಕಡಿದ ಗುಡ್ಡಗಳ ಪದರಗಳು ಕಾರಿನಿಂದಲೇ ಚೆನ್ನಾಗಿ ಕಾಣುತ್ತವೆ, ಫೋಟೋ ಆಸೆಗೆ ಹೆದ್ದಾರಿ ಪಕ್ಕ ಮಾತ್ರ ಗಾಡಿ ನಿಲ್ಲಿಸಬೇಡಿ.