ಸ್ಟೀವ್ ಹ್ಯಾರಿಸ್ ಟೋನ್ ಬೇಕು ಅಂತ ಹಳೇ ಬೇಸ್ ಗಿಟಾರ್ ಕೊಳ್ಳುತ್ತಿದ್ದೀರಾ? ಮೊದಲು ನೆಕ್ (ಉದ್ದನೆಯ ಹಿಡಿ) ಬಿಚ್ಚಿಸಿ ನೋಡಿ

ಮುಂಬೈಯಲ್ಲಿ ಬೇಸ್ ನುಡಿಸುವ ನಮ್ಮ ಕನ್ನಡದ ಹುಡುಗರು ದಯವಿಟ್ಟು ಇದನ್ನು ಓದಿ. ನನ್ನ 58,000 ರೂಪಾಯಿ ಹೋಗಿದೆ.

2008ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ ನುಡಿಸಿದಾಗ ನಾನು ಅಲ್ಲಿದ್ದೆ. ಕುದುರೆ ಓಡಿದಂಥ ಆ ಬೇಸ್, ತಂತಿ ಫ್ರೆಟ್ಟಿಗೆ (ನೆಕ್ ಮೇಲಿನ ಲೋಹದ ಪಟ್ಟಿಗೆ) ಬಡಿಯುವ ಆ ಟಣಟಣ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಅದರಲ್ಲಿ ಬೇಸ್ ನುಡಿಸುವ ಹ್ಯಾರಿಸ್ ಅವರದು 1971ರ ಪ್ರಿಸಿಶನ್, ಅಮೆರಿಕದ ಫೆಂಡರ್ ಕಂಪನಿಯ ಬೇಸ್. ಅಂಥದ್ದೇ ಬೇಕು ಅಂತ ವರ್ಷಗಟ್ಟಲೆ ದುಡ್ಡು ಕೂಡಿಟ್ಟೆ.

ಹೋದ ವರ್ಷ ಅಂಧೇರಿಯಲ್ಲಿ ಒಬ್ಬರು "ಎಪ್ಪತ್ತರ ದಶಕದ ಅಸಲಿ ಅಮೆರಿಕನ್" ಅಂತ ಜಾಹೀರಾತು ಹಾಕಿದ್ದರು. ಆ ಬೆಲೆಗೆ ಅಸಲಿ ಸಿಗೋದೇ ಇಲ್ಲ, ಅಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು. ಆಂಪ್‌ಗೆ ಹಾಕಿದಾಗ ಗುಂಯ್ ಅನ್ನುತ್ತಿತ್ತು. "ಈ ಬಿಲ್ಡಿಂಗ್ ಕರೆಂಟೇ ಹಾಗೆ" ಅಂದರು, ನಂಬಿದೆ. ಪ್ರಿಸಿಶನ್‌ನ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) 1957ರಿಂದ ಎರಡು ತುಂಡಾಗಿ ಬರುತ್ತದೆ. ವೈರಿಂಗ್ ಸರಿಯಿದ್ದರೆ ಒಂದರ ಗುಂಯ್ ಸದ್ದನ್ನು ಇನ್ನೊಂದು ಅಳಿಸುತ್ತದೆ. ಇದು ಗೊತ್ತಿದ್ದೂ ಸುಮ್ನೆ ದುಡ್ಡು ಕೊಟ್ಟು, ಡೊಂಬಿವಲಿ ಲೋಕಲ್ ಹತ್ತಿದೆ.

ಮನೆಗೆ ಬಂದು ಹ್ಯಾರಿಸ್ ಬಳಸುವ ಅಳತೆಯ ಫ್ಲಾಟ್‌ವೂಂಡ್ ತಂತಿ ಹಾಕಿದೆ: 50, 75, 95, 110 (ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ). ಬಹಳ ಬಿಗಿಯ ತಂತಿ ಇದು. ಮೂರೇ ದಿನಕ್ಕೆ ನೆಕ್ ಬಿಲ್ಲಿನ ಹಾಗೆ ಬಾಗಿತು, ತಂತಿ ಮೇಲೆದ್ದು ನಿಂತಿತು.

ರಿಪೇರಿಯವರು ನೋಡಿದ ತಕ್ಷಣ, "ಇದು ಆ ಕಾಲದ್ದಲ್ಲಪ್ಪ" ಅಂದರು. ಆಗಿನ ಪ್ರಿಸಿಶನ್‌ನಲ್ಲಿ ಟ್ರಸ್ ರಾಡ್ (ನೆಕ್ ಬಾಗದಂತೆ ಹಿಡಿಯುವ ಒಳಗಿನ ಕಂಬಿ) ತಿರುಗಿಸುವ ನಟ್ ನೆಕ್‌ನ ಬುಡದಲ್ಲಿರುತ್ತದೆ. ನನ್ನದರಲ್ಲಿ ತಲೆಯ ಕಡೆ ಅಲೆನ್ ಕೀ ತೂತು! ನಾಲ್ಕು ಸ್ಕ್ರೂ ಬಿಚ್ಚಿದರು. ಬುಡದಲ್ಲಿ ತಾರೀಖಿನ ಗುರುತಿಲ್ಲ. ಟ್ರಸ್ ರಾಡ್ ಯಾರೋ ಕೊನೆಯವರೆಗೂ ಬಿಗಿದುಬಿಟ್ಟಿದ್ದರು, ಇನ್ನು ತಿರುಗಿಸಲು ಜಾಗವೇ ಇಲ್ಲ. ಫೆಂಡರ್ ಅನ್ನೋ ಹೆಸರು ಬರೀ ಸ್ಟಿಕರ್. ಮಾರಿದವರ ಫೋನ್ ಅಷ್ಟರಲ್ಲಿ ಬಂದ್ ಆಗಿತ್ತು.

ಹಳೇ ಬೇಸ್ ನೋಡಲು ಹೋದರೆ ಸ್ಕ್ರೂಡ್ರೈವರ್ ಜೊತೆಗಿರಲಿ. ನೆಕ್ ಬಿಚ್ಚಲು ಬಿಡದವರ ಹತ್ತಿರ ಕೊಳ್ಳಬೇಡಿ. ಟ್ರಸ್ ರಾಡ್ ಎರಡೂ ಕಡೆ ತಿರುಗುತ್ತದಾ ಅಂತ ನೋಡಿ, ದಪ್ಪ ತಂತಿ ಹಾಕುವವರಿಗಂತೂ ಇದೇ ಮುಖ್ಯ.

ಮಾಟುಂಗದ ನನ್ನ ಗೆಳೆಯನ ಹತ್ತಿರ ಒಂದು ಅಗ್ಗದ ಬೇಸ್ ಇದೆ, ಪ್ರಿಸಿಶನ್ ಮಾದರಿಯದ್ದೇ. ಅದೇ ತಂತಿ ಹಾಕಿ, ಫ್ರೆಟ್ಟಿಗೆ ಹತ್ತಿರ ಇಳಿಸಿ, ಪಿಕ್ ಇಲ್ಲದೆ ಎರಡು ಬೆರಳಲ್ಲಿ ಜೋರಾಗಿ ಹೊಡೆದೆವು. ಆ ಟಣಟಣ ಅಲ್ಲಿ ಬಂತು.

ನನ್ನ ಬೇಸ್ ಮಾರಿಲ್ಲ. ಇನ್ನೊಬ್ಬರು ಮೋಸಹೋಗಬಾರದು ಅಂತ ಸ್ಟಿಕರ್ ಕೆರೆದು ತೆಗೆದಿದ್ದೇನೆ.